ಜಾರಲು ಜಪಾನಿನ ಗಾಡಿಯೇ ಬೇಕೆ?

ಕಳೆದ ತಿಂಗಳು ಒಂದು ರಾತ್ರಿ ನನಗೆ ಸಣ್ಣದೊಂದು ಅವಮಾನವಾಯಿತು. 'ಫೋರ್ಜಾ ಹೊರೈಜನ್ 5' ಆಟದಲ್ಲಿ ಮೆಕ್ಸಿಕೋದ ಜ್ವಾಲಾಮುಖಿಯಿಂದ ಇಳಿಯುವ ಅಂಕುಡೊಂಕು ರಸ್ತೆಯೊಂದಿದೆ. ಅಲ್ಲಿ ನಾಲ್ಕಾರು ಅಪರಿಚಿತರು ಸೇರಿ ಡ್ರಿಫ್ಟ್ ಮಾಡುತ್ತಿದ್ದರು. ಪುಣೆಯಿಂದ ನಾನು, ಹುಬ್ಬಳ್ಳಿಯಿಂದ ನನ್ನ ಅಕ್ಕನ ಮಗ ಅವರ ಜೊತೆ ಸೇರಿಕೊಂಡೆವು. ಅವನದು ನಿಸ್ಸಾನ್ ಸಿಲ್ವಿಯಾ, ನನ್ನದು 1983ರ ವೋಲ್ವೋ 242. ಬಿಸ್ಕತ್ತಿನ ಡಬ್ಬಕ್ಕೆ ಚಕ್ರ ಕಟ್ಟಿದಂಥ ಸ್ವೀಡನ್ನಿನ ಕಾರು. ಹೆಡ್‌ಫೋನಿನಲ್ಲಿ ಅಳಿಯನ ದನಿ ಬಂತು: "ಮಾಮಾ, ನಿಮ್ಮ ಗಾಡಿ ನೋಡಿ ನಗಾಕತ್ತಾರ. ಒಂದು ಜಪಾನ್ ಗಾಡಿ ತಗೊಂಡ್ ಬರ್ರಿ."

ನಲವತ್ತು ದಾಟಿದವನು ಇಂಥದ್ದಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದು. ಮಾಡಿಕೊಂಡೆ. ಅದಕ್ಕೇ ಈ ಬರಹ.

ಡ್ರಿಫ್ಟಿಂಗ್ ಎಂದರೆ ಹಿಂದಿನ ಚಕ್ರಗಳ ಹಿಡಿತವನ್ನು ಬೇಕಂತಲೇ ತಪ್ಪಿಸಿ, ಗಾಡಿಯನ್ನು ಅಡ್ಡಡ್ಡ ಜಾರಿಸುತ್ತಾ ತಿರುವು ದಾಟುವುದು. ತಿರುವು ಎಡಕ್ಕಿದ್ದರೆ ಸ್ಟೀರಿಂಗ್ ಬಲಕ್ಕೆ ಇರುತ್ತದೆ. ಈ ವಿದ್ಯೆ ಜಪಾನಿನದು ಎನ್ನುವುದರಲ್ಲಿ ತಕರಾರಿಲ್ಲ. 1970ರ ದಶಕದಲ್ಲಿ ಕುನಿಮಿತ್ಸು ತಾಕಾಹಾಶಿ ರೇಸಿನಲ್ಲಿ ಮಾಡಿದ್ದನ್ನು ನೋಡಿ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಬೆಳೆಸಿದ. ಟೊಯೋಟಾ ಎಇ86, ಸಿಲ್ವಿಯಾ ಇವೆಲ್ಲ ಹೆಸರಾದದ್ದು ಹಾಗೆ. ಆದರೆ ಅಲ್ಲಿನ ಹುಡುಗರು ಅವನ್ನು ಯಾಕೆ ಆರಿಸಿಕೊಂಡರು? ಎಂಜಿನ್ ಮುಂದೆ, ಓಟದ ಬಲ ಹಿಂದಿನ ಚಕ್ರಗಳಿಗೆ, ತೂಕ ಕಡಿಮೆ, ಸೆಕೆಂಡ್ ಹ್ಯಾಂಡ್ ಬೆಲೆ ಇನ್ನೂ ಕಡಿಮೆ. ಇಷ್ಟೇ ಕಾರಣ.

ಇದೇ ಲೆಕ್ಕ ಬೇರೆ ಊರುಗಳಲ್ಲಿ ಬೇರೆ ಉತ್ತರ ಕೊಟ್ಟಿದೆ. ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಹಳೆಯ ಬಿಎಂಡಬ್ಲ್ಯು ಇ30ಗೆ 'ಗುಶೆಶೆ' ಎಂಬ ಮುದ್ದಿನ ಹೆಸರಿದೆ. ಅದನ್ನು ಬುಗುರಿಯಂತೆ ತಿರುಗಿಸುವ 'ಸ್ಪಿನ್ನಿಂಗ್' ಅಲ್ಲಿ ದೊಡ್ಡ ಆಟ. ಡ್ರಿಫ್ಟಿಂಗ್ ಅಲ್ಲ, ಅದರ ದಾಯಾದಿ. ಪೂರ್ವ ಯುರೋಪಿನಲ್ಲೂ ಡ್ರಿಫ್ಟ್ ಕಲಿಯುವವರ ಕೈಗೆ ಮೊದಲು ಸಿಗುವುದು ಹಳೆಯ ಬಿಎಂಡಬ್ಲ್ಯುಗಳೇ. ಅಮೆರಿಕದ ಫಾರ್ಮುಲಾ ಡ್ರಿಫ್ಟ್ ಪಂದ್ಯಾವಳಿಯ ಮೊದಲ ವರ್ಷ, 2004ರಲ್ಲಿ, ಗೆದ್ದದ್ದು ಡಾಜ್ ವೈಪರ್. ಮರುವರ್ಷ ಪಾಂಟಿಯಾಕ್ ಜಿಟಿಓ. ನನ್ನ ಡಬ್ಬ ನೋಡಿ ನಕ್ಕವರಿಗೆ ಇದು ಗೊತ್ತಿತ್ತೋ ಇಲ್ಲವೋ.

ಹಾಗಾದರೆ ಆಟದಲ್ಲಿ ಯಾವುದನ್ನು ಆರಿಸಬೇಕು? ಒಂದೇ ಒಂದು ಹೆಸರು ಹೇಳು ಎಂದರೆ 1997ರ ಬಿಎಂಡಬ್ಲ್ಯು ಎಂ3, ಅಂದರೆ ಇ36. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಇ86ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,400 ಮಿಲಿಮೀಟರ್. ಇ36ರಲ್ಲಿ ಅದು 2,700. ಹೆಚ್ಚುಕಡಿಮೆ ಒಂದು ಅಡಿ ವ್ಯತ್ಯಾಸ. ಗಿಡ್ಡ ಗಾಡಿ ಚುರುಕು, ಒಪ್ಪಿದೆ. ಆದರೆ ಅದರ ಬಾಲ ಎಷ್ಟು ಬೇಗ ಹೊರಗೆ ಬೀಸುತ್ತದೋ ಅಷ್ಟೇ ಬೇಗ ಗಾಡಿ ಪೂರ್ತಿ ಸುತ್ತಿ ಹಿಮ್ಮುಖವಾಗಿ ನಿಲ್ಲುತ್ತದೆ. ಉದ್ದದ ಗಾಡಿ ನಿಧಾನವಾಗಿ ಬಾಲ ಬೀಸುತ್ತದೆ. ತಪ್ಪು ಎಲ್ಲಾಯಿತು ಎಂದು ಬೆರಳಿಗೆ ಗೊತ್ತಾಗಲು, ತಿದ್ದಿಕೊಳ್ಳಲು ಒಂದು ಕ್ಷಣ ಉಳಿಯುತ್ತದೆ. ಕಲಿಯುವವನಿಗೆ ಬೇಕಾದದ್ದು ಆ ಒಂದು ಕ್ಷಣ. ಜೊತೆಗೆ ಆರು ಸಿಲಿಂಡರುಗಳ ಎಂಜಿನ್ನಿನ ಬಲ ಹಂತಹಂತವಾಗಿ ಏರುತ್ತದೆ, ಟರ್ಬೋ ಗಾಡಿಗಳಂತೆ ತಡೆದು ತಡೆದು ಒಮ್ಮೆಲೇ ಒದೆಯುವುದಿಲ್ಲ.

ಇದರ ತಮ್ಮ ಇ46 ಎಂ3ಯೂ ಚೆನ್ನ, ಮೂಲದಲ್ಲೇ ಸುಮಾರು 340 ಅಶ್ವಶಕ್ತಿಯಿದೆ. ಮರ್ಸಿಡಿಸ್ 190ಇ ನೋಡಲು ಬ್ಯಾಂಕ್ ಮ್ಯಾನೇಜರಂತಿದ್ದರೂ ಜಾರಲು ಕೂತರೆ ಬಿಡುವುದಿಲ್ಲ. ಮಸ್ಟಾಂಗ್ ಬೇಕೆಂದರೆ 2015ರ ನಂತರದ್ದನ್ನು ಹಿಡಿಯಿರಿ. ಆ ಮಾಡೆಲ್‌ನಿಂದ ಎಲ್ಲ ಮಸ್ಟಾಂಗ್‌ಗಳ ಹಿಂದಿನ ಎರಡು ಚಕ್ರಗಳಿಗೂ ಬೇರೆಬೇರೆ ಸಸ್ಪೆನ್ಷನ್ ಬಂತು. ವೈಪರ್ ಚಾಂಪಿಯನ್ನರಿಗೆ ಸರಿ, ನನಗಲ್ಲ. ಪೋರ್ಶೆ 911ರ ಎಂಜಿನ್ ಹಿಂದಿದೆ, ಹಾಗಾಗಿ ಒಮ್ಮೆ ಬಾಲ ಬೀಸಿತೆಂದರೆ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದಂತೆ. ಇನ್ನು ನನ್ನ ವೋಲ್ವೋ: ಉದ್ದ, ನೇರ, ಹಟಮಾರಿ. ಪ್ರೀತಿಯಿಂದ ಹೇಳುತ್ತಿದ್ದೇನೆ ಎಂಬುದು ನಿಮಗೆ ಆಗಲೇ ಗೊತ್ತಾಗಿರಬಹುದು.

ನಿಜವಾದ ಜಗಳ ಇರುವುದು ದೇಶದ ಬಗ್ಗೆಯಲ್ಲ. ಆಟದಲ್ಲಿ ಯಾವ ಗಾಡಿಗೂ ಸಾವಿರ ಅಶ್ವಶಕ್ತಿ ತುಂಬಿ, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ಬೇರೆಯವರು ಸಿದ್ಧಮಾಡಿಟ್ಟ ಟ್ಯೂನ್ ಇಳಿಸಿಕೊಂಡು ಮೂರು ನಕ್ಷತ್ರ ಗಿಟ್ಟಿಸಬಹುದು. ಅಳಿಯನ ಸಿಲ್ವಿಯಾ ಅಂಥದ್ದೇ. ನಕ್ಷತ್ರಗಳ ರಾಶಿ ಹಾಕಿದ್ದಾನೆ. ಆ ಟ್ಯೂನ್ ತೆಗೆದು ಕೊಟ್ಟರೆ ಮೊದಲ ತಿರುವಿನಲ್ಲೇ ಬೇಲಿಗೆ. ಸಿದ್ಧ ಟ್ಯೂನುಗಳು ಜಪಾನಿನ ಗಾಡಿಗಳಿಗೆ ರಾಶಿರಾಶಿ ಸಿಗುತ್ತವೆ. ಅದಕ್ಕೇ ಬೇರೆಯದನ್ನು ತೆಗೆದುಕೊಳ್ಳಿ ಎನ್ನುತ್ತೇನೆ. ಹಿಂಚಕ್ರದ ಓಟವನ್ನು ಬದಲಿಸಬೇಡಿ. ಡ್ರಿಫ್ಟ್ ಸಸ್ಪೆನ್ಷನ್ ಹಾಕಿ, ಮುಂದಿನ ಚಕ್ರ ಹೆಚ್ಚು ತಿರುಗುತ್ತದೆ. ಡಿಫರೆನ್ಷಿಯಲ್ ಪೂರ್ತಿ ಲಾಕ್ ಮಾಡಿ, ಎರಡೂ ಹಿಂಚಕ್ರ ಒಟ್ಟಿಗೆ ಸುತ್ತಲಿ. 400 ಅಶ್ವಶಕ್ತಿ ಸಾಕು. ಉಳಿದದ್ದನ್ನು ಬಿದ್ದು ಕಲಿಯಿರಿ.

ಮುಂಬೈಯಲ್ಲಿರುವ ಓದುಗರಿಗೆ ಒಂದು ಮಾತು. ನಿಮ್ಮೂರಿನ ಹಳದಿ-ಕಪ್ಪು ಪದ್ಮಿನಿ ಟ್ಯಾಕ್ಸಿ, 2023ರಲ್ಲಿ ರಸ್ತೆಯಿಂದ ಇಳಿಯಿತಲ್ಲ, ಅದೂ ಹಿಂಚಕ್ರದ ಗಾಡಿಯೇ. ಮೊದಲ ಮಳೆಯಲ್ಲಿ ಅದರ ಹಿಂದಿನ ಸೀಟಿನಲ್ಲಿ ಕೂತು ತಿರುವಿನಲ್ಲಿ ಒಮ್ಮೆ ಜಾರಿದ ಅನುಭವ ಇದ್ದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ.

ಹೋದ ಭಾನುವಾರ ಅಳಿಯ ಇ36 ತಂದಿದ್ದ, ಟ್ಯೂನ್ ಇಲ್ಲದೆ. ಜ್ವಾಲಾಮುಖಿಯ ಮೇಲಿನಿಂದ ನನ್ನ ವೋಲ್ವೋ ಮುಂದೆ, ಅವನು ಹಿಂದೆ. ಎರಡು ತಿರುವು ಒಟ್ಟಿಗೆ ಜಾರಿದೆವು. ಮೂರನೆಯದರಲ್ಲಿ ನಾನು ಸುತ್ತಿದೆ, ಅವನು ನನಗೆ ಗುದ್ದಿದ, ಇಬ್ಬರೂ ಕಮರಿಗೆ. "ಮಾಮಾ, ಈ ಸಲ ತಪ್ಪು ನಿಮ್ದು" ಎಂದ. ಹೌದು, ನನ್ನದೇ. ಮತ್ತೆ ಮೇಲಕ್ಕೆ ಹತ್ತಿದೆವು.