ಡ್ರಿಲ್ ನಮ್ಮ ಕೈಲಿ, ಜುಟ್ಟು ಅವರ ಕೈಲಿ

ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲ್ಯಾಟ್ ತಗೊಂಡ ಸಾಫ್ಟ್‌ವೇರಿನವರಿಗೆಲ್ಲ ಒಂದಲ್ಲ ಒಂದು ದಿನ ಬಡಗಿಯಾಗುವ ಆಸೆ ಹುಟ್ಟುತ್ತದೆ. ಕರ್ಟನ್ ರಾಡ್ ಹಾಕಬೇಕು, ಟೀವಿ ಗೋಡೆಗೆ ಕೂರಿಸಬೇಕು, ಬಾಲ್ಕನಿಯಲ್ಲಿ ನಾಲ್ಕು ಹೂಕುಂಡ ಇಡೋಕೆ ಒಂದು ಹಲಗೆ ಬಡೀಬೇಕು. ಇಷ್ಟು ಸಣ್ಣ ಕೆಲಸಕ್ಕೆ ಕಾರ್ಪೆಂಟರ್ ಬರಲ್ಲ. ಸರಿ, ನಾವೇ ಮಾಡೋಣ ಅಂತ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲ್ ಹಿಡಿದು ಕೂತರೆ ಮುಗೀತು. ಒಂದು ಕಾರ್ಡ್‌ಲೆಸ್ ಡ್ರಿಲ್, ಎರಡು ಬ್ಯಾಟರಿ, ಚಾರ್ಜರ್, ನೂರು ಚಿಲ್ಲರೆ ಬಿಟ್ಟುಗಳು, ಎಲ್ಲಕ್ಕೂ ಸೇರಿ ಸೂಟ್‌ಕೇಸಿನಂಥ ಒಂದು ಡಬ್ಬಿ. ಮದುವೆಗೆ ಕೊಡುವ ಪಾತ್ರೆ ಸೆಟ್ಟಿನ ಹಾಗೆ ಥಳಥಳ ಅನ್ನುತ್ತಿರುತ್ತದೆ.

ಆಮೇಲೆ ನನ್ನ ಹತ್ತಿರ ಬರ್ತಾರೆ. "ನೀವು ಹಳ್ಳಿ ಕಡೆಯವರು, ಇವೆಲ್ಲ ಗೊತ್ತಿರತ್ತೆ. ಯಾವ ಸೆಟ್ ತಗೊಳ್ಳಲಿ ಹೇಳಿ ಸಾರ್."

ನನ್ನ ಉತ್ತರ ಯಾರಿಗೂ ಹಿಡಿಸುವುದಿಲ್ಲ. ಸೆಟ್ಟನ್ನೇ ತಗೋಬೇಡಿ ಅಂತೀನಿ. ಸೆಟ್ ಅನ್ನೋದು ಗಾಳದ ತುದಿಗೆ ಸಿಕ್ಕಿಸಿದ ಎರೆಹುಳ. ಡ್ರಿಲ್ ಆರಿಸ್ತಾ ಇದ್ದೀನಿ ಅಂತ ನೀವು ಅಂದುಕೊಂಡಿರ್ತೀರಿ. ನಿಜವಾಗಿ ಮುಂದಿನ ಹತ್ತು ವರ್ಷ ಯಾವ ಕಂಪನಿಯ ಕೈಗೆ ಜುಟ್ಟು ಕೊಡಬೇಕು ಅನ್ನೋದನ್ನ ಆರಿಸ್ತಾ ಇರ್ತೀರಿ.

ಮೊದಲು ಡಬ್ಬಿಯ ಮೇಲಿನ ಸುಳ್ಳುಗಳನ್ನು ನೋಡೋಣ. ಒಂದರ ಮೇಲೆ 18 ವೋಲ್ಟ್ ಅಂತ ಇರುತ್ತದೆ, ಪಕ್ಕದ್ದರ ಮೇಲೆ 20 ವೋಲ್ಟ್ ಮ್ಯಾಕ್ಸ್, ಅದರ ಪಕ್ಕದ್ದರ ಮೇಲೆ 21 ವೋಲ್ಟ್. ಜಾಸ್ತಿ ಇರೋದೇ ಒಳ್ಳೇದು ಅಂತ ನಮ್ಮ ಜನ 21ಕ್ಕೆ ಕೈ ಹಾಕ್ತಾರೆ. ಮೂರೂ ಒಂದೇ ಸ್ವಾಮಿ! ಒಂದು ಲಿಥಿಯಂ ಅಯಾನ್ ಸೆಲ್ ಕೆಲಸ ಮಾಡುವಾಗ ಸರಾಸರಿ 3.6 ವೋಲ್ಟ್ ಕೊಡುತ್ತದೆ, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತೋರಿಸುತ್ತದೆ. ಐದು ಸೆಲ್ ಸಾಲಾಗಿ ಜೋಡಿಸಿ. ಸರಾಸರಿ ಲೆಕ್ಕ ಹಿಡಿದವನು 18 ಅಂತಾನೆ, ತುಂಬಿದ ಲೆಕ್ಕ ಹಿಡಿದವನು 21 ಅಂತಾನೆ, ನಡುವೆ ನಿಂತವನು 20 ಅಂತಾನೆ. ಡಿವಾಲ್ಟ್ ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುವ ಬ್ಯಾಟರಿಯನ್ನೇ ಯುರೋಪಿನಲ್ಲಿ 18 ವೋಲ್ಟ್ ಅಂತ ಮಾರುತ್ತದೆ. ಹಾಲು ಅದೇ, ಅಳತೆಯ ಲೋಟ ಬೇರೆ.

ಇದಾದರೂ ಒಂದು ಲೆಕ್ಕ. ಆನ್‌ಲೈನಿನಲ್ಲಿ ಹೆಸರಿಲ್ಲದ ಕೆಲವು ಸೆಟ್ಟುಗಳ ಮೇಲೆ "48ವಿಎಫ್", "88ವಿಎಫ್" ಅಂತ ಅಚ್ಚು ಹಾಕಿರ್ತಾರೆ. ಆ ಎಫ್ ಯಾವ ಮೂಲಮಾನ ಅಂತ ನಾಲ್ಕು ವರ್ಷ ಬಿಇ ಓದಿದ ನನಗೂ ಯಾರೂ ಪಾಠ ಮಾಡಲಿಲ್ಲ. ನಿಜವಾದ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ ಸಾಲಾಗಿ ಬೇಕು. ಅಂಗೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಹದಿಮೂರು ಸೆಲ್ ಎಲ್ಲಿಂದ ಬಂದಾವು? ಬ್ಯಾಟರಿಯಲ್ಲಿ ಎಷ್ಟು ಸರಕಿದೆ ಅಂತ ತಿಳಿಯೋಕೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 18 ವೋಲ್ಟ್, 2 ಆಂಪಿಯರ್-ಅವರ್ ಅಂದರೆ 36 ವಾಟ್-ಅವರ್. ಬ್ಯಾಟರಿಗೆ ಬ್ಯಾಟರಿ ಹೋಲಿಸೋಕೆ ಈ ಒಂದು ಅಂಕಿ ಸಾಕು. ಡಬ್ಬಿಯ ಮೇಲೆ ಇದನ್ನು ಬರೆಯದೆ ಮುಚ್ಚಿಟ್ಟವನ ಹತ್ತಿರ ವ್ಯಾಪಾರ ಬೇಡ.

ಎರಡನೇ ಮಾತು ಗೋಡೆಯದು. ಈಗಿನ ಎಷ್ಟೋ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆಯೇ ಇಲ್ಲ. ಮೈವಾನ್ ಅಂತಾರಲ್ಲ, ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗೂ ಸ್ಲ್ಯಾಬಿಗೂ ಒಟ್ಟಿಗೆ ಕಾಂಕ್ರೀಟ್ ಸುರಿಯುವುದು. ಅಂಥ ಗೋಡೆಗೆ ಸೆಟ್ಟಿನ ಪುಟಾಣಿ ಡ್ರಿಲ್ ಹಿಡಿದರೆ ಬಿಟ್ ಕೆಂಪಗೆ ಕಾಯುತ್ತದೆ, ಬ್ಯಾಟರಿ ಬೆಚ್ಚಗಾಗುತ್ತದೆ, ಗೋಡೆಗೆ ಮಾತ್ರ ಕುಂಕುಮ ಇಟ್ಟಷ್ಟು ಗುರುತು ಬೀಳುತ್ತದೆ. ಅಲ್ಲಿಗೆ ಬೇಕಾದ್ದು ಎಸ್‌ಡಿಎಸ್ ಬಿಟ್ ಕೂರುವ ರೋಟರಿ ಹ್ಯಾಮರ್. ಇಟ್ಟಿಗೆ, ಸಿಮೆಂಟ್ ಬ್ಲಾಕಿನ ಗೋಡೆಗೆ ಎರಡು ಮೂರು ಸಾವಿರಕ್ಕೆ ಸಿಗುವ 500-600 ವಾಟಿನ ವೈರ್ ಇರುವ ಹ್ಯಾಮರ್ ಡ್ರಿಲ್ ಧಾರಾಳ ಸಾಕು.

ವರ್ಷಕ್ಕೆ ಎರಡು ಸಲ ತೂತು ಹಾಕುವವರಿಗೆ ವೈರೇ ವಾಸಿ ಅನ್ನೋಕೆ ಇನ್ನೊಂದು ಕಾರಣ ಇದೆ. ಲಿಥಿಯಂ ಬ್ಯಾಟರಿ ನೀವು ಬಳಸಿದರೂ ಬಳಸದಿದ್ದರೂ ಮುದಿಯಾಗುತ್ತಾ ಇರುತ್ತದೆ. ಪೂರ್ತಿ ಖಾಲಿ ಮಾಡಿ ಅಟ್ಟಕ್ಕೆ ಎಸೆದರೆ ಇನ್ನೂ ಬೇಗ. ವೈರಿನ ಡ್ರಿಲ್ಲನ್ನು ಹತ್ತು ವರ್ಷ ಬಿಟ್ಟು ಇಳಿಸಿ ಪ್ಲಗ್ ಹಾಕಿ, ತಿರುಗುತ್ತದೆ. ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಬರುವ 230 ವೋಲ್ಟಿಗೆ ಯಾವ ಕಂಪನಿಯ ಬೀಗವೂ ಇಲ್ಲ.

ಬೀಗ ಅಂದೆನಲ್ಲ, ನನ್ನ ಸಿಟ್ಟು ಇರೋದೇ ಅದರ ಮೇಲೆ.

ನಾನು ಹಾಸನದ ಕಡೆಯವನು. ನಮ್ಮಲ್ಲಿ ಗುದ್ದಲಿ ಕಾವು ಮುರಿದರೆ ಗುದ್ದಲಿ ಎಸೆಯುವುದಿಲ್ಲ. ಬೇಲಿಯಲ್ಲಿ ಒಂದು ಗಟ್ಟಿ ಕೊಂಬೆ ಕಡಿದು ಕೆತ್ತಿ ತೂರಿಸ್ತಾರೆ. ಈ ಗುದ್ದಲಿಗೆ ಇದೇ ಮರದ ಕಾವು ಹಾಕಬೇಕು, ಅದನ್ನ ನನ್ನ ಹತ್ತಿರವೇ ಕೊಳ್ಳಬೇಕು ಅಂತ ಯಾವ ಕುಲುಮೆಯವನೂ ಹೇಳಿದ್ದಿಲ್ಲ. ಹಳೇ ಕಾಲ ಬಿಡಿ, ಇವತ್ತಿನ ಟ್ರ್ಯಾಕ್ಟರ್ ನೋಡಿ. ಟ್ರ್ಯಾಕ್ಟರ್ ಒಂದು ಕಂಪನಿಯದು, ರೋಟವೇಟರ್ ಇನ್ನೊಂದರದು, ನೇಗಿಲು ಹಾಸನದ ಯಾವುದೋ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿದ್ದು. ಮೂರೂ ಕೂಡುತ್ತವೆ. ಯಾಕೆಂದರೆ ಹಿಂದಿನ ಮೂರು ಕೊಂಡಿಯ ಅಳತೆಗೆ ಜಗತ್ತಿಗೆಲ್ಲ ಒಂದು ಮಾನದಂಡ ಇದೆ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ಜೋಡಣೆ ಅದು, ಈಗ ಐಎಸ್‌ಒ 730. ತಿರುಗುವ ಪಿಟಿಓ ಶಾಫ್ಟಿಗೂ ಹಾಗೇ, ನಿಮಿಷಕ್ಕೆ 540 ಸುತ್ತು ಅಂತ ಒಂದು ಲೆಕ್ಕ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಆಲೂಗಡ್ಡೆಗೆ ಅಂಗಮಾರಿ ಬಂದಾಗ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಈಗ ಹೆಚ್ಚುಕಮ್ಮಿ ಮನೆಮನೆಯಲ್ಲೂ ಇದೆ. ಸಾಮಾನ್ಯವಾಗಿ ಒಳಗಿರೋದು 12 ವೋಲ್ಟಿನ ಒಂದು ಸೀಸದ ಬ್ಯಾಟರಿ. ಅದು ಸತ್ತರೆ ಪಕ್ಕದ ಪೇಟೆಗೆ ಹೋಗಿ ಅದೇ ಅಳತೆಯ ಯಾವ ಕಂಪನಿಯದನ್ನಾದರೂ ತಂದು ಎರಡು ವೈರ್ ಸಿಕ್ಕಿಸಿದರೆ ಆಯ್ತು. ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಸ್ಪ್ರೇಯರ್ ಬ್ಯಾಟರಿ ಅವರೇ ಬದಲಾಯಿಸ್ತಾರೆ. ಆದರೆ ಹತ್ತು ಸಾವಿರ ಕೊಟ್ಟು ತಂದ ಡ್ರಿಲ್ಲಿಗೆ ಪಕ್ಕದ ಮನೆಯ ಬೇರೆ ಕಂಪನಿಯ ಬ್ಯಾಟರಿ ಹಾಕೋಕೆ ಬಿಇ ಓದಿದವರಿಂದಲೂ ಆಗಲ್ಲ.

ಇದರಲ್ಲಿ ತಮಾಷೆ ಏನು ಗೊತ್ತಾ? ಆ ಬೇರೆ ಬೇರೆ ಆಕಾರದ ಡಬ್ಬಿಗಳನ್ನು ಬಿಚ್ಚಿದರೆ ಒಳಗೆ ಬಹುಪಾಲು ಒಂದೇ ಅಳತೆಯ ಸೆಲ್‌ಗಳು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಅದರ ಹೆಸರು 18650. ಒಳಗಿನ ಸರಕಿಗೆ ಮಾನದಂಡ ಇದೆ, ಹೊರಗಿನ ಪ್ಲಾಸ್ಟಿಕ್ಕಿಗೆ ಮಾತ್ರ ಜಾತಿ. ಬ್ಲ್ಯಾಕ್ ಅಂಡ್ ಡೆಕರ್ ಮೊದಲ ಕಾರ್ಡ್‌ಲೆಸ್ ಡ್ರಿಲ್ ಮಾರುಕಟ್ಟೆಗೆ ತಂದಿದ್ದು 1961ರಲ್ಲಿ. ಇವತ್ತು ಡಿವಾಲ್ಟ್ ಮತ್ತು ಬ್ಲ್ಯಾಕ್ ಪ್ಲಸ್ ಡೆಕರ್ ಎರಡಕ್ಕೂ ಒಬ್ಬರೇ ಯಜಮಾನರು, ಆದರೂ ಒಂದರ 20 ವೋಲ್ಟ್ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ. ಬಾಷ್ ಕಂಪನಿಯ ಹಸಿರು ಬಣ್ಣದ 18 ವೋಲ್ಟ್ ಬ್ಯಾಟರಿ ಅದೇ ಬಾಷ್‌ನ ನೀಲಿ ಬಣ್ಣದ ಉಪಕರಣಕ್ಕೆ ಕೂರಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಪಂಕ್ತಿ!

ನಮ್ಮ ಕಸುಬಿನಲ್ಲಿ ಇದಕ್ಕೆ ವೆಂಡರ್ ಲಾಕ್-ಇನ್ ಅಂತೀವಿ. ಮೊದಲು ಅಗ್ಗಕ್ಕೆ ಒಳಗೆ ಬಿಟ್ಟುಕೊಳ್ಳೋದು, ಹೊರಗೆ ಹೋಗುವ ಬಾಗಿಲಿಗೆ ದುಬಾರಿ ಸುಂಕ ಇಡೋದು. ಡ್ರಿಲ್, ಚಾರ್ಜರ್, ಎರಡು ಬ್ಯಾಟರಿ ಸೇರಿ ಸೆಟ್ಟಿಗೆ ಒಂದು ಬೆಲೆ ಇರುತ್ತೆ. ಆಮೇಲೆ ಅದೇ ಎರಡು ಬ್ಯಾಟರಿ ಬಿಡಿಯಾಗಿ ಕೇಳಿ ನೋಡಿ, ಅರ್ಥ ಆಗತ್ತೆ.

ನಮಗೆ ಇದು ಭಾನುವಾರದ ಹವ್ಯಾಸ, ಹೋದರೆ ಹೋಯ್ತು. ಇದರಿಂದಲೇ ಅನ್ನ ತಿನ್ನುವವರ ಕಥೆ ಕೇಳಿ. ನಮ್ಮೂರಿನ ಒಬ್ಬ ಹುಡುಗ, ನನಗೆ ತಮ್ಮನ ವರಸೆ, ಎಲೆಕ್ಟ್ರಿಷಿಯನ್. ಏಣಿ ಹತ್ತಿ ಕೆಲಸ ಮಾಡುವವನಿಗೆ ವೈರ್ ಇಲ್ಲದ ಡ್ರಿಲ್ ಶೋಕಿ ಅಲ್ಲ. ಹೊಸ ಮನೆಯಲ್ಲಿ ಕರೆಂಟ್ ಕೊಡುವವನೇ ಅವನು, ಅವನು ಹೋಗುವಾಗ ಅಲ್ಲಿ ಪ್ಲಗ್ ಎಲ್ಲಿರತ್ತೆ? ಕೂಡಿಟ್ಟ ದುಡ್ಡಿನಲ್ಲಿ ಒಂದು ಸೆಟ್ ತಗೊಂಡ. ಮೂರು ವರ್ಷಕ್ಕೆ ಎರಡೂ ಬ್ಯಾಟರಿ ಕೈಕೊಟ್ಟವು. ಸರ್ವಿಸ್ ಸೆಂಟರಿಗೆ ಹೋದರೆ ಆ ಮಾಡೆಲ್ ಬ್ಯಾಟರಿ ಬರೋದು ನಿಂತಿದೆ, ಹೊಸ ಸೆಟ್ ತಗೊಳ್ಳಿ ಅಂದರಂತೆ. "ಅಣ್ಣಾ, ಎತ್ತು ಗಟ್ಟಿಮುಟ್ಟಾಗಿದೆ, ಹುಲ್ಲು ಹಾಕಂಗಿಲ್ಲ ಅಂತಾರಲ್ಲ" ಅಂದ ಫೋನಿನಲ್ಲಿ. ಮೋಟರಿಗೆ ಏನೂ ಆಗಿಲ್ಲ, ಗೇರಿಗೆ ಏನೂ ಆಗಿಲ್ಲ. ಕಂಪನಿಯ ಹೆಸರು ಹೇಳಲ್ಲ, ಯಾಕಂದ್ರೆ ಇದು ಒಂದು ಕಂಪನಿಯ ಬುದ್ಧಿ ಅಲ್ಲ. ಹಳೇ ಗಾದೆ ಇದೆಯಲ್ಲ, ಕೊಡಲಿ ಕಾವು ಕುಲಕ್ಕೆ ಸಾವು ಅಂತ. ಇಲ್ಲಿ ಬ್ಯಾಟರಿಯೇ ಡ್ರಿಲ್ಲಿಗೆ ಸಾವು.

ಕಂಪನಿಗಳ ಕಡೆಯವರು ತಕ್ಷಣ ಒಂದು ಮಾತು ಹೇಳ್ತಾರೆ: ಸುರಕ್ಷತೆ. ಲಿಥಿಯಂ ಹುಡುಗಾಟ ಅಲ್ಲ, ಬೆಂಕಿ ಹತ್ತಿಕೊಳ್ಳಬಹುದು, ಅದಕ್ಕೇ ನಮ್ಮ ಬ್ಯಾಟರಿ ನಮ್ಮ ಉಪಕರಣಕ್ಕೆ ಮಾತ್ರ. ಅರ್ಧ ನಿಜ. ಕೆಲವು ಕಂಪನಿಗಳಲ್ಲಿ ಬ್ಯಾಟರಿ ತೀರಾ ಖಾಲಿಯಾಗದಂತೆ ತಡೆಯುವ ವ್ಯವಸ್ಥೆ ಬ್ಯಾಟರಿಯಲ್ಲಿ ಇರಲ್ಲ, ಉಪಕರಣದೊಳಗೆ ಇರುತ್ತದೆ. ಹಾಗಾಗಿ ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಅಡಾಪ್ಟರ್ ಹಾಕಿ ಒಂದರ ಬ್ಯಾಟರಿಯನ್ನು ಇನ್ನೊಂದಕ್ಕೆ ಕೂಡಿಸೋದು ಒಳ್ಳೇದಲ್ಲ. ಒಪ್ಪಿದೆ. ಆದರೆ ಒಪ್ಪಂದ ಮಾಡಿಕೊಂಡರೆ ಸುರಕ್ಷಿತವಾಗೇ ಹಂಚಿಕೊಳ್ಳಬಹುದು ಅಂತ ತೋರಿಸಿದವರೂ ಕಂಪನಿಗಳೇ! 2018ರಲ್ಲಿ ಜರ್ಮನಿಯ ಮೆಟಾಬೊ ಬೇರೆ ಕೆಲವು ಕಂಪನಿಗಳ ಜೊತೆ ಸೇರಿ ಎಲ್ಲರಿಗೂ ಒಂದೇ ಬ್ಯಾಟರಿ ಅನ್ನುವ ಕೂಟ ಕಟ್ಟಿತು. ಬಾಷ್ ಕೂಡ ತನ್ನ ಬ್ಯಾಟರಿಯನ್ನು ಬೇರೆ ಬ್ರ್ಯಾಂಡುಗಳ ಜೊತೆ ಹಂಚಿಕೊಳ್ಳುತ್ತದೆ. ತಮ್ಮ ಲಾಭಕ್ಕೆ ಬೇಕಾದಾಗ ಆಗುವ ಕೆಲಸ, ಗಿರಾಕಿ ಕೇಳಿದಾಗ ಯಾಕೆ ಅಪಾಯಕಾರಿ ಆಗಿಬಿಡತ್ತೆ?

ಇನ್ನು ಸರಕಾರ. ಯುರೋಪಿನವರು 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲುಗಳಿಗೆಲ್ಲ ಟೈಪ್-ಸಿ ಕಿಂಡಿ ಕಡ್ಡಾಯ ಮಾಡಿದರು. ಜಗತ್ತೇನೂ ಮುಳುಗಲಿಲ್ಲ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲನ್ನೂ ತೆರೆಯಿತು. ಒಳ್ಳೇ ಕೆಲಸ. ಆಗ ಗುರುತಿಸಿದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್-ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ. ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ದಿನಾ ಹಿಡಿಯುವ ಉಪಕರಣಕ್ಕೆ ಅಂತ ಬೇರೆ ಸಾಲು ಇರಲಿಲ್ಲ. ಟ್ರ್ಯಾಕ್ಟರಿನ ಕೊಂಡಿಗೆ ಅಳತೆ ಇರೋ ದೇಶದಲ್ಲಿ ಡ್ರಿಲ್ ಬ್ಯಾಟರಿಯ ಕಿಂಡಿಗೂ ಒಂದು ಅಳತೆ ಕೇಳೋದು ದೊಡ್ಡ ಬೇಡಿಕೆಯೇನಲ್ಲ. ಮೊಬೈಲ್ ಚಾರ್ಜರ್ ಬಗ್ಗೆ ಬಾಯಿ ಮಾಡಿದ ನಾವು ಈ ವಿಷಯಕ್ಕೆ ಸುಮ್ಮನಿರೋದು ಯಾಕೆ? ಚಾರ್ಜರ್ ನಮ್ಮ ಮೇಜಿನ ಮೇಲಿತ್ತು, ಡ್ರಿಲ್ ಬೇರೆಯವರ ಚೀಲದಲ್ಲಿದೆ. ಅಷ್ಟೇ ವ್ಯತ್ಯಾಸ.

ಅಲ್ಲಿಯವರೆಗೆ ಏನು ಮಾಡೋದು ಅಂತ ಕೇಳಿದರೆ, ಹೇಳ್ತೀನಿ. ಗೋಡೆ ತೂತಿಗೆ ವೈರಿನ ಹ್ಯಾಮರ್ ಡ್ರಿಲ್ ತಗೊಳ್ಳಿ. ಮೈವಾನ್ ಗೋಡೆಯಾದರೆ ರೋಟರಿ ಹ್ಯಾಮರನ್ನು ಒಂದು ದಿನಕ್ಕೆ ಬಾಡಿಗೆ ತನ್ನಿ, ಇಲ್ಲಾ ನಾಲ್ಕು ಮನೆಯವರು ಸೇರಿ ಒಂದು ಇಟ್ಟುಕೊಳ್ಳಿ. ಕಪಾಟು ಜೋಡಿಸೋಕೆ, ಸ್ಕ್ರೂ ಬಿಗಿಯೋಕೆ ಕಾರ್ಡ್‌ಲೆಸ್ ಬೇಕೇ ಬೇಕು ಅಂದರೆ 12 ವೋಲ್ಟಿನ ಪುಟ್ಟ ಡ್ರಿಲ್ ಡ್ರೈವರ್ ಸಾಕು.

ದೊಡ್ಡದೇ ಬೇಕೆಂದರೆ ಡ್ರಿಲ್ ನೋಡೋಕೆ ಮುಂಚೆ ಎಸ್‌ಜೆಪಿ ರಸ್ತೆಗೋ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಗೋ ಹೋಗಿ, ಬಿಡಿ ಬ್ಯಾಟರಿ ಯಾವ ಕಂಪನಿಯದು ಸ್ಟಾಕಿದೆ, ಬೆಲೆ ಎಷ್ಟು, ಆ ಕಿಂಡಿ ಎಷ್ಟು ವರ್ಷದಿಂದ ಬದಲಾಗಿಲ್ಲ ಕೇಳಿ. ಉತ್ತರ ಬಂದ ಕಂಪನಿಯದನ್ನು ಕೊಳ್ಳಿ. ಬ್ರಶ್‌ಲೆಸ್ ಮೋಟರ್ ಇದ್ದರೆ ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ ಆಗತ್ತೆ, ಬಿಎಲ್‌ಡಿಸಿ ಫ್ಯಾನ್ ಕರೆಂಟ್ ಉಳಿಸೋ ಹಾಗೆ. ಅಮೆರಿಕದಿಂದ ಬರುವ ಭಾವನ ಕೈಲಿ ತರಿಸೋರು ನೆನಪಿಡಿ, ಅಲ್ಲಿನ ಚಾರ್ಜರ್ 120 ವೋಲ್ಟಿನದು, ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗತ್ತೆ.

ಮುಂದಿನ ಸಲ ಮನೆಗೆ ಕಾರ್ಪೆಂಟರ್ ಬಂದಾಗ ಅವನ ಚೀಲದಲ್ಲಿ ಎಷ್ಟು ಚಾರ್ಜರ್ ಇವೆ ಎಣಿಸಿ. ಒಂದೊಂದು ಚಾರ್ಜರೂ ಒಂದೊಂದು ಕಂಪನಿಗೆ ಅವನು ಕಟ್ಟುತ್ತಿರುವ ಕಂದಾಯ. ನಮ್ಮ ಹತ್ತಿರ ದುಡ್ಡಿದೆ, ಇಂಗ್ಲಿಷಿದೆ, ರಿವ್ಯೂ ಬರೆಯೋ ಚಟ ಇದೆ. ಐದು ಸ್ಟಾರ್ ಕೊಡೋಕೆ ಮುಂಚೆ ಕಂಪನಿಗೆ ಒಂದು ಪ್ರಶ್ನೆ ಬರೆಯಿರಿ: ಈ ಬ್ಯಾಟರಿ ಎಷ್ಟು ವರ್ಷ ಸಿಗುತ್ತೆ? ಉತ್ತರ ಕೊಡದಿದ್ದರೆ ಸ್ಟಾರ್ ಕಡಿಮೆ ಮಾಡಿ. ಕೇಳುವ ಜಾಗದಲ್ಲಿ ಇರೋರು ಕೇಳದಿದ್ದರೆ, ಏಣಿ ಮೇಲಿರೋನು ಕೆಲಸ ಬಿಟ್ಟು ಇಳಿದು ಬಂದು ಕೇಳೋಕಾಗಲ್ಲ.