ಶಿಶುವನ್ನು ಅಳೆಯುವ ಕೋಲು ಯಾರದು?

ಒಂದು ವರುಷ ತುಂಬಿದ ಕೂಸು ಇನ್ನೂ ಹೆಜ್ಜೆಯಿಡಲಿಲ್ಲವೆಂದರೆ ನಮ್ಮ ಪಟ್ಟಣಗಳ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುವುದು. ಅಚ್ಚಾದ ಪಟ್ಟಿಯೊಂದನ್ನು ಓದಿಕೊಂಡವರು ಕೂಸು ಹಿಂದುಳಿಯಿತೆಂದು ಗಾಬರಿಗೊಂಡು, ಅಜ್ಜಿಯ ಎಣ್ಣೆನೀರು, ತೊಟ್ಟಿಲು, ಸದಾ ಕಂಕುಳಲ್ಲಿ ಎತ್ತಿಕೊಂಡಿರುವ ರೂಢಿ ಇವುಗಳನ್ನೆಲ್ಲ ದೂರುವರು. ಹಿರಿಯರಾದವರು, ಇದರ ತಂದೆಯೂ ತಡವಾಗಿಯೇ ನಡೆದನೆಂದು ಸಮಾಧಾನ ಹೇಳಿ, ವೈದ್ಯರಿಗೆ ತೋರಿಸುವ ಅಗತ್ಯವನ್ನೇ ಅಲ್ಲಗಳೆಯುವರು. ಮೊದಲನೆಯ ಮಾತು ತಾಯಿಯನ್ನು ನಿಷ್ಕಾರಣವಾಗಿ ಅಪರಾಧಿಯನ್ನಾಗಿ ಮಾಡುತ್ತದೆ. ಎರಡನೆಯದು, ನಿಜವಾಗಿಯೂ ಚಿಕಿತ್ಸೆ ಬೇಕಾದ ಶಿಶುವಿನ ಅಮೂಲ್ಯವಾದ ಕಾಲವನ್ನು ಕಳೆಯುತ್ತದೆ. ನಮ್ಮ ಮನೆಗಳಲ್ಲಿ ಶಿಶುಗಳು ಹೇಗೆ ಬೆಳೆಯುತ್ತವೆಂಬುದನ್ನು ನಾವು ಸಾಕಷ್ಟು ಶೋಧಿಸಿ ನೋಡದಿರುವುದೇ ಈ ಎರಡಕ್ಕೂ ಮೂಲವೆಂದು ನಮ್ಮ ಅಭಿಪ್ರಾಯ.

ಶಿಶುವಿನ ಮನೋವಿಕಾಸವನ್ನು ಕುರಿತ ಶಾಸ್ತ್ರವು ಲೋಕದ ಎಲ್ಲ ಶಿಶುಗಳನ್ನು ನೋಡಿ ಹುಟ್ಟಿದುದಲ್ಲ. ಜೆಫ್ರಿ ಆರ್ನೆಟ್ ಎಂಬ ಅಮೆರಿಕದ ವಿದ್ವಾಂಸರು, 2003ರಿಂದ 2007ರವರೆಗೆ ತಮ್ಮ ದೇಶದ ಮನಶ್ಶಾಸ್ತ್ರ ಸಂಘದ ಆರು ಪತ್ರಿಕೆಗಳಲ್ಲಿ ಪ್ರಕಟವಾದ ಸಂಶೋಧನೆಗಳನ್ನು ಲೆಕ್ಕಹಾಕಿ 2008ರಲ್ಲಿ ಫಲವನ್ನು ಹೊರಪಡಿಸಿದರು. ನೂರಕ್ಕೆ 68 ಪರೀಕ್ಷೆಗಳು ಅಮೆರಿಕದ ಜನರ ಮೇಲೆಯೂ, ನೂರಕ್ಕೆ 96 ಪರೀಕ್ಷೆಗಳು ಒಟ್ಟು ಪಾಶ್ಚಾತ್ಯ ಕೈಗಾರಿಕಾ ದೇಶಗಳ ಜನರ ಮೇಲೆಯೂ ನಡೆದಿದ್ದುವು. ಲೋಕದ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲಾದರೋ ನೂರಕ್ಕೆ 12 ಮಾತ್ರ! ಈ ಸ್ವಲ್ಪ ಜನರ ಮನೆಯ ರೂಢಿಯನ್ನೇ ಮಾನವ ಸ್ವಭಾವವೆಂದು ಹೆಸರಿಟ್ಟರೆ, ಉಳಿದವರ ಮಕ್ಕಳು ತೊಟ್ಟಿಲಲ್ಲಿರುವಾಗಲೇ ಕೊರತೆಯುಳ್ಳವರಾಗಿ ಕಾಣುವುದರಲ್ಲಿ ಆಶ್ಚರ್ಯವೇನಿದೆ?

ಮನೆಯಿಂದ ಮನೆಗೆ, ನಾಡಿನಿಂದ ನಾಡಿಗೆ ಬೆಳವಣಿಗೆಯ ದಾರಿ ಬೇರೆಯಾಗುವುದಕ್ಕೆ ದೃಷ್ಟಾಂತಗಳುಂಟು. ಆಫ್ರಿಕದ ಶಿಶುಗಳು ಬೇಗನೆ ಕೂರುವುದನ್ನು, ನಡೆಯುವುದನ್ನು ಕಂಡ ಕೆಲವರು ಅದು ಜನಾಂಗದ ಗುಣವೆಂದು ಬಗೆದಿದ್ದರು. ಚಾರ್ಲ್ಸ್ ಸೂಪರ್ ಅವರು ಕೆನ್ಯಾ ದೇಶದ ಕಿಪ್ಸಿಗಿಸ್ ಜನರ ನಡುವೆ ಇದ್ದು ಪರಿಶೀಲಿಸಿ, 1976ರಲ್ಲಿ ಬೇರೆಯೇ ಕಾರಣವನ್ನು ತಿಳಿಸಿದರು. ಅಲ್ಲಿಯ ತಾಯಂದಿರು ಕೂಸಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಅಭ್ಯಾಸ ಮಾಡಿಸುವರು; ಆ ವಿದ್ಯೆಗಳು ಬೇಗ ಬರುವುವು. ಅಭ್ಯಾಸ ಮಾಡಿಸದ ಅಂಬೆಗಾಲು ಮಾತ್ರ ಬೇಗ ಬರದು. ಇದಕ್ಕೆ ವಿರುದ್ಧವಾದ ದೃಷ್ಟಾಂತವು ತಾಜಿಕಿಸ್ತಾನದ್ದು. ಅಲ್ಲಿ ಕೂಸನ್ನು 'ಗಾಹ್ವೋರಾ' ಎಂಬ ತೊಟ್ಟಿಲಲ್ಲಿ ಬಟ್ಟೆಯಿಂದ ಬಿಗಿದು ಗಂಟೆಗಟ್ಟಲೆ ಮಲಗಿಸುವರು. ಆ ಮಕ್ಕಳು ಕೂರುವುದೂ ನಡೆಯುವುದೂ ತಡವೆಂದು ಈಚಿನ ಶೋಧನೆಯಲ್ಲಿ ಕಂಡುಬಂದಿತು. ಆದರೆ ನಾಲ್ಕೈದು ವರುಷದ ಮಕ್ಕಳ ಓಟ ನೆಗೆತಗಳು ಇತರ ನಾಡುಗಳ ಮಕ್ಕಳ ಮಟ್ಟಕ್ಕೆ ಸಮನಾಗಿಯೇ ಇದ್ದುವು.

ಮಾತಿನ ವಿಷಯವೂ ಹೀಗೆಯೇ. ತಾಯಿ ಕೂಸಿನ ಎದುರು ಕುಳಿತು ಎಷ್ಟು ಮಾತನಾಡುವಳೆಂಬುದೇ ಭಾಷಾಜ್ಞಾನದ ಅಳತೆಯೆಂದು ಬಹುಕಾಲ ಎಣಿಸಲಾಗಿತ್ತು. ಮೆಕ್ಸಿಕೋ ದೇಶದ ಟ್ಸೆಲ್ಟಾಲ್ ಮಾಯಾ ಹಳ್ಳಿಯೊಂದರಲ್ಲಿ ಕೂಸಿನೊಡನೆ ನೇರವಾಗಿ ಆಡುವ ಮಾತು ಬಹು ಕಡಮೆ. ಆದರೂ ಅಲ್ಲಿಯ ಮಕ್ಕಳು ತಕ್ಕ ಕಾಲಕ್ಕೇ ಮಾತು ಕಲಿಯುವರೆಂದು 2020ರಲ್ಲಿ ಪ್ರಕಟವಾದ ಶೋಧನೆಯು ತಿಳಿಸುತ್ತದೆ. ಅಜ್ಜಿ, ಅತ್ತೆ, ಚಿಕ್ಕಪ್ಪ, ನೆರೆಯವರು ಇವರೆಲ್ಲರ ಸಂಭಾಷಣೆಯ ನಡುವೆ, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ತೆಲುಗನ್ನೋ, ಬೀದಿಯಲ್ಲಿ ಕನ್ನಡವನ್ನೋ ಕೇಳುತ್ತ ಬೆಳೆಯುವ ನಮ್ಮ ಕೂಸನ್ನು ಭಾಷಾಂತರಿಸಿದ ಇಂಗ್ಲಿಷ್ ಪಟ್ಟಿಯೊಂದರಿಂದ ಪರೀಕ್ಷಿಸುವುದು ನ್ಯಾಯವೇ?

ಹಾಗೆಂದು, ನಮ್ಮದೆಲ್ಲವೂ ಒಳ್ಳೆಯದೆಂದು ಹಿಗ್ಗುವುದೂ ಸಲ್ಲದು. ಹೆತ್ತೊಡನೆ ಬರುವ ಮೊದಲ ಹಾಲನ್ನು ಹಿಂಡಿ ಚೆಲ್ಲುವ ರೂಢಿ ಕೂಸಿಗೆ ಕೇಡೆಂಬುದು ಸಂದೇಹವಿಲ್ಲದ ಮಾತು. ಹೆಣ್ಣು ಕೂಸೆಂದು ಆರೈಕೆಯಲ್ಲಿ ಕಡಮೆ ಮಾಡುವುದು ರೂಢಿಯಲ್ಲ, ಅನ್ಯಾಯ. ಇದಲ್ಲದೆ ಎಲ್ಲ ನಾಡಿಗೂ ಒಪ್ಪುವ ಅಳತೆಗಳು ಇಲ್ಲವೆಂದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಮಾನದಂಡಗಳನ್ನು ಪ್ರಕಟಿಸಿತು. ಒಳ್ಳೆಯ ಆಹಾರ ಆರೈಕೆಗಳು ದೊರೆತರೆ ಎಲ್ಲ ದೇಶದ ಕೂಸುಗಳೂ ಹೆಚ್ಚುಕಡಮೆ ಒಂದೇ ಸಮನಾಗಿ ಎತ್ತರ ಬೆಳೆಯುವುವೆಂದು ಅದರಿಂದ ಸಿದ್ಧವಾಯಿತು. ನಮ್ಮ ಬಡ ಮಕ್ಕಳ ಕುಳ್ಳುತನವು ಜನ್ಮಗುಣವಲ್ಲ, ಹಸಿವಿನ ಗುರುತು. ಒಂಟಿಯಾಗಿ ನಡೆಯುವ ಕಾಲಕ್ಕೆ ಆ ಸಂಸ್ಥೆಯು 8.2 ತಿಂಗಳಿಂದ 17.6 ತಿಂಗಳವರೆಗೆ ಅವಕಾಶವಿತ್ತಿದೆ. ವರುಷದ ಕೂಸು ನಡೆಯದಿದ್ದರೆ ಅದೊಂದೇ ಭಯಕ್ಕೆ ಕಾರಣವಲ್ಲ. ಒಂದೂವರೆ ವರುಷವಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸದೆ ಇರುವುದು ತಪ್ಪು.

ಇಂಥ ಶೋಧನೆಯು ನಮ್ಮಿಂದಾಗದೆಂದು ಹೇಳುವವರು ಮೈಸೂರನ್ನು ನೋಡಲಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ. ದಶಕಗಳ ತರುವಾಯ ಆ ದಫ್ತರಗಳನ್ನು ತೆರೆದು, ಆಗ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚೆಂದು 1996ರಲ್ಲಿ ಲೋಕಕ್ಕೆ ತಿಳಿಯಿತು. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಮಕ್ಕಳನ್ನೂ ವರುಷ ವರುಷಕ್ಕೆ ಪರೀಕ್ಷಿಸುತ್ತ ಬರಲಾಯಿತು. ಬರೋಡೆಯಲ್ಲಿ ಪ್ರಮೀಳಾ ಫಾಟಕ್ ಅವರು ಭಾರತದ ಶಿಶುಗಳನ್ನೇ ಪರೀಕ್ಷಿಸಿ ಭಾರತೀಯ ಶಿಶುಗಳಿಗೆಂದು ಅಳತೆಪಟ್ಟಿಯನ್ನು ಸಿದ್ಧಪಡಿಸಿದರು. ಶ್ರದ್ಧೆಯಿದ್ದಲ್ಲಿ ಶಾಸ್ತ್ರವು ಇಲ್ಲಿಯೂ ಬೆಳೆಯುವುದು.

ಜ್ಞಾನವು ದೊರೆತ ಮೇಲೆ ಮನೆಯ ರೂಢಿಯನ್ನು ತಿದ್ದುವುದೂ ಅಸಾಧ್ಯವಲ್ಲ. ಜಮೈಕಾ ದ್ವೀಪದಲ್ಲಿ ಬೆಳವಣಿಗೆ ಕುಂಠಿತವಾದ ಬಡ ಶಿಶುಗಳ ಮನೆಗಳಿಗೆ ಆರೋಗ್ಯ ಸೇವಕಿಯರು ವಾರಕ್ಕೊಮ್ಮೆ ಒಂದು ಗಂಟೆಯಂತೆ ಎರಡು ವರುಷ ಹೋಗಿ, ಮನೆಯಲ್ಲಿಯೇ ಮಾಡಿದ ಆಟಿಕೆಗಳಿಂದ ಕೂಸನ್ನು ಆಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಇಪ್ಪತ್ತು ವರುಷಗಳಾದ ಮೇಲೆ, ಆ ನೆರವು ದೊರೆಯದವರಿಗಿಂತ ದೊರೆತವರ ಗಳಿಕೆಯು ನೂರಕ್ಕೆ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ಪ್ರಕಟವಾಯಿತು. ತಾಯಿಯನ್ನು ಹೀನೈಸದೆ ಸಹಾಯಮಾಡಿದುದರ ಫಲವಿದು.

ನಮ್ಮಲ್ಲಿ ಅದಕ್ಕೆ ಬೇಕಾದ ಸಾಧನವು ಇಲ್ಲದೆ ಇಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ, ಕರ್ನಾಟಕದಲ್ಲಿ ಟಿ. ನರಸೀಪುರವು ಅದರಲ್ಲಿ ಸೇರಿತ್ತು. ಈಗ ಅಂಗನವಾಡಿಯು ಹಳ್ಳಿಹಳ್ಳಿಗೂ ಬಂದಿದೆ. ಅಲ್ಲಿಯ ಕಾರ್ಯಕರ್ತೆಗೆ ನೂರೆಂಟು ಇತರ ಕೆಲಸಗಳನ್ನು ಹೊರಿಸುವ ಬದಲು, ಕೂಸಿನ ತೂಕ, ನಡಿಗೆ, ನುಡಿಗಳನ್ನು ನೋಡಿ ಬರೆಯುವಷ್ಟು ಬಿಡುವನ್ನೂ ತಕ್ಕ ಸಂಬಳವನ್ನೂ ಸರಕಾರವು ಕೊಡಬೇಕು. ನಮ್ಮ ವಿಶ್ವವಿದ್ಯಾಲಯಗಳೂ ವೈದ್ಯಕೀಯ ಕಾಲೇಜುಗಳೂ ಮಲೆನಾಡು, ಬಯಲುಸೀಮೆ, ಕರಾವಳಿಗಳ ಮನೆಗಳಲ್ಲಿ, ಮುಖ್ಯವಾಗಿ ಕೂಲಿಗೆ ಊರೂರು ಅಲೆಯುವವರ ಬಿಡಾರಗಳಲ್ಲಿ, ತಾಯ್ತಂದೆಗಳ ಒಪ್ಪಿಗೆ ಪಡೆದು ಶಿಶುಗಳನ್ನು ಹುಟ್ಟಿನಿಂದ ಹಲವು ವರುಷ ಪರಿಶೀಲಿಸಬೇಕು. ಕಂಡುದನ್ನು ಇಂಗ್ಲಿಷ್ ಪತ್ರಿಕೆಗಳಿಗೆ ಕಳುಹಿಸಿ ಕೈತೊಳೆದುಕೊಳ್ಳದೆ, ತಮ್ಮ ಮಕ್ಕಳನ್ನು ಪರೀಕ್ಷೆಗೆ ಕೊಟ್ಟ ತಾಯಂದಿರಿಗೆ ಕನ್ನಡದಲ್ಲಿ ತಿಳಿಯಹೇಳಬೇಕು.

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂದು ನಾವು ಹೇಳುತ್ತ ಬಂದಿದ್ದೇವೆ. ಮೊಳಕೆಯನ್ನು ಮಾತ್ರ ನೋಡಿ ಮಣ್ಣನ್ನು ನೋಡದ ರೈತನು ನಮ್ಮಲ್ಲಿಲ್ಲ. ಆ ಮಾತ್ರದ ವಿವೇಕವನ್ನು ನಮ್ಮ ಕೂಸುಗಳ ವಿಷಯದಲ್ಲಿ ಅಧಿಕಾರಿಗಳೂ ವಿದ್ವಾಂಸರೂ ತೋರಿಸಲಿ.