ಆಕಾಶ ಖಾಲಿ, ಸಿಗ್ನಲ್ ಇಲ್ಲ

ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ಬಸ್ಸಿನಲ್ಲಿ ಕುಳಿತವರಿಗೆ ಗೊತ್ತು, ತಿರುವುಗಳು ಹೆಚ್ಚಿದಂತೆ ಮೊಬೈಲ್ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಹಾಗಂತ ಆಕಾಶದಲ್ಲಿ ಜಾಗವಿಲ್ಲವೆಂದಲ್ಲ. ಟಿ.ವಿ.ಗೆ ಬಳಸುವ 470–590 ಮೆಗಾಹರ್ಟ್ಸ್ ತರಂಗಾಂತರದ 15 ಚಾನೆಲ್‌ಗಳಲ್ಲಿ ಕನಿಷ್ಠ 12 ದೇಶದ ಬಹುತೇಕ ಕಡೆ ಖಾಲಿ ಇವೆ ಎಂದು ಐಐಟಿ ಬಾಂಬೆ ಸಂಶೋಧಕರು 2014ರಲ್ಲೇ ಲೆಕ್ಕ ಹಾಕಿದ್ದರು. ಆಮೇಲೆ ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳೂ ಬಹುಪಾಲು ಮುಚ್ಚಿದವು. ಈ ತರಂಗಗಳು ಮರ, ದಿಣ್ಣೆಗಳನ್ನು ದಾಟುವುದರಲ್ಲಿ ವೈಫೈಗಿಂತ ಗಟ್ಟಿ.

ಆದರೆ ಒಂದು ಚಾನೆಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಬೆಟ್ಟದ ಮರೆಯಲ್ಲಿರುವ ಸಂವೇದಕಕ್ಕೆ ಆಚೆಯ ಪ್ರಸಾರ ಕೇಳಿಸದು, ‘ಖಾಲಿ’ ಎಂದುಬಿಡುತ್ತದೆ. ನಮ್ಮ ಕಾಡಂಚಿನ ರೈತರು ಆನೆ ಕಾಯುವ ರೀತಿ ನೋಡಿ. ತಗ್ಗಿನ ಅಟ್ಟಣೆಯವನಿಗೆ ಕಾಣದ ಆನೆ ದಿಣ್ಣೆಯವನಿಗೆ ಕಾಣುತ್ತದೆ, ಅವನು ಕೂಗುತ್ತಾನೆ. ಹಲವು ಸಂವೇದಕಗಳು ಒಟ್ಟಾಗಿ ತೀರ್ಮಾನಿಸುವ ತಂತ್ರವೂ ಇದೇ. ಒಬ್ಬ ಕೂಗಿದರೂ ಸಾಕು ಎಂಬ ನಿಯಮವಿಟ್ಟರೆ ಮೂಲ ಪ್ರಸಾರಕ್ಕೆ ತೊಂದರೆಯಾಗದು. ಆದರೆ ಕೆಟ್ಟ ವಿದ್ಯುತ್ ಉಪಕರಣದ ಗದ್ದಲವನ್ನೇ ಪ್ರಸಾರವೆಂದು ಭಾವಿಸಿ ಖಾಲಿ ಚಾನೆಲ್ ಕೈಬಿಡಬೇಕಾಗುತ್ತದೆ. ಬಹುಮತ ಕೇಳಿದರೆ ಸುಳ್ಳು ಕೂಗು ಕಡಿಮೆಯಾಗುತ್ತದೆ, ಆದರೆ ದಿಣ್ಣೆಯ ಒಬ್ಬನೇ ಹೇಳಿದ ನಿಜವೂ ಸೋಲಬಹುದು. ಅಮೆರಿಕ 2010ರಲ್ಲಿ ಸಂವೇದನೆಯ ಕಡ್ಡಾಯವನ್ನು ಸಡಿಲಿಸಿ, ಸ್ಥಳವಾರು ದತ್ತಾಂಶ ಕೋಶವನ್ನು ನೆಚ್ಚಿಕೊಂಡಿತು. ನಮ್ಮಂಥ ಬೆಟ್ಟದ ಸೀಮೆಗೆ ಎರಡೂ ಬೇಕು: ದತ್ತಾಂಶ ಅನುಮತಿ ಕೊಡಲಿ, ಸಂವೇದಕಗಳು ಅದನ್ನು ಪರೀಕ್ಷಿಸಲಿ.

2023ರ ದೂರಸಂಪರ್ಕ ಕಾಯ್ದೆಯು, ಸಕಾರಣವಿಲ್ಲದೆ ಬಳಸದೆ ಬಿಟ್ಟ ತರಂಗಾಂತರವನ್ನು ಹಿಂಪಡೆಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಬಳಸುತ್ತಿಲ್ಲವೆಂದು ಅಳೆದು ತೋರಿಸುವವರಿಲ್ಲದಿದ್ದರೆ ಆ ಅಧಿಕಾರ ಕಾಗದದಲ್ಲೇ ಉಳಿಯುತ್ತದೆ.

ಮಹಾರಾಷ್ಟ್ರದ ಪಾಲ್ಘರ್‌ನ ಹಳ್ಳಿಗಳಲ್ಲಿ ಐಐಟಿ ಬಾಂಬೆ ಇಂಥ ಪ್ರಯೋಗ ಮಾಡಿದೆ. ಹನೂರಿನ ಗ್ರಾಮ ಪಂಚಾಯಿತಿವರೆಗೆ ಭಾರತ್‌ನೆಟ್ ಕೇಬಲ್, ಅಲ್ಲಿಂದ ಸೋಲಿಗರ ಹಾಡಿಯ ಶಾಲೆಗೆ ಈ ಖಾಲಿ ತರಂಗ ಎಂದು ಯಾಕೆ ಪ್ರಯತ್ನಿಸಬಾರದು? ಕಾಡಿನೊಳಗೆ ಹೊಸ ಕೇಬಲ್ ಗುಂಡಿ ತೋಡುವುದೂ ತಪ್ಪುತ್ತದೆ. ಇದು ಟವರಿಗೆ ಬದಲಿಯಲ್ಲ. ಆದರೆ ಟವರ್ ಬರುವವರೆಗೆ ಹಾಡಿಯ ಹುಡುಗಿಯ ಪರೀಕ್ಷೆ ಕಾಯುವುದಿಲ್ಲ.